ಒಂದು ಹಿಡಿ ಗಸಗಸೆ

ಗಸಗಸೆ ಎಂಬ ಮಾತು ಕಿವಿಗೆ ಬಿದ್ದಾಗ ನಾನು ಸೂಟ್‌ಕೇಸಿನ ಬೀಗಕ್ಕೆ ಯಾವ ನಂಬರ್ ಇಡಲಿ ಎಂದು ಯೋಚಿಸುತ್ತ ಕೂತಿದ್ದೆ. ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಕಟ್ಟಡದ ಮೂರನೇ ಮಹಡಿ. ವ್ಯಾಪಾರಕ್ಕೆಂದು ಹೊರದೇಶಕ್ಕೆ ಹೋಗುವ ಸಣ್ಣಪುಟ್ಟವರಿಗೆ ಅಲ್ಲಿ ಅರ್ಧ ದಿನದ ತರಬೇತಿ ಇಟ್ಟಿದ್ದರು. ನಾನು ಎರಡನೇ ಸಾಲಿನಲ್ಲಿ ಮಗಳ ಹಳೆಯ ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು, ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಪಾಸ್‌ಪೋರ್ಟಿನ ಎರಡು ನಕಲು. ಹೋಟೆಲಿನ ವಿಳಾಸ ಕಾಗದದಲ್ಲಿ. ಮಾತ್ರೆ ಇದ್ದರೆ ಡಾಕ್ಟರ ಚೀಟಿ. ಒಯ್ಯಬಾರದ ವಸ್ತುಗಳ ಪಟ್ಟಿ ಶುರುವಾಯಿತು, ನಾಲ್ಕನೆಯದು ಗಸಗಸೆ.

ಐವತ್ತೆರಡನೇ ವಯಸ್ಸಿಗೆ ಮೊದಲ ಸಲ ವಿಮಾನ ಹತ್ತುವವಳಿಗೆ ಊರೆಲ್ಲ ಗುರುಗಳೇ. ತಿಂಗಳಿಂದ ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು. ಕಿವಿಗೆ ಹತ್ತಿ ಇಟ್ಟುಕೋ ಎಂದವರೆಷ್ಟು, ಕಿಟಕಿ ಪಕ್ಕ ಕೂರಬೇಡ ಎಂದವರೆಷ್ಟು. ಬೆಂಗಳೂರನ್ನೇ ಸರಿಯಾಗಿ ನೋಡದ ನಮ್ಮ ಯಜಮಾನರ ಅಣ್ಣ ನನಗೆ ಅರಬ್ಬರ ಊಟದ ಬಗ್ಗೆ ಒಂದು ತಾಸು ಪಾಠ ಹೇಳಿದರು. ಪಾಸ್‌ಪೋರ್ಟಿನ ಫೋಟೋ ತೆಗೆಯುವವನು "ನಗಬ್ಯಾಡ್ರಿ ಅಕ್ಕಾ" ಎಂದಾಗ, "ನಾನು ನಕ್ಕಿದ್ದು ನೀನು ಯಾವಾಗ ನೋಡಿದ್ಯಪ್ಪಾ?" ಎಂದು ಅವನಿಗೂ ಬೈದು ಬಂದಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಓಣಿಗೆಲ್ಲ ಗೊತ್ತು. ನಾನೂ ಅದನ್ನೇನು ಮುಚ್ಚಿಟ್ಟವಳಲ್ಲ.

ನನ್ನದು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕರ್ಚಿಕಾಯಿ ಮಾಡಿ ಮಾರುವ ಕೆಲಸ. ಆನಗೋಡಿನಿಂದ, ಸುತ್ತಲ ಓಣಿಗಳಿಂದ ಹನ್ನೆರಡು ಹೆಣ್ಣುಮಕ್ಕಳು ಬರುತ್ತಾರೆ. ಕೊಲ್ಲಿ ದೇಶವೊಂದರಲ್ಲಿ ನಾಲ್ಕು ಕಿರಾಣಿ ಅಂಗಡಿ ಇಟ್ಟಿರುವ ನಮ್ಮ ಕಡೆಯವರೊಬ್ಬರು ಯಾರದೋ ಮದುವೆಯಲ್ಲಿ ನನ್ನ ಕರ್ಚಿಕಾಯಿ ತಿಂದು, "ಒಮ್ಮೆ ಬಂದು ಕೂತು ಮಾತಾಡಿ ಹೋಗ್ರಿ" ಎಂದು ಕರೆದಿದ್ದರು. ಕರೆದವರು ಇನ್ನೊಂದು ಮಾತೂ ಹೇಳಿದ್ದರು: ನೀವು ಬರುವ ಮುಂಚೆ ಸ್ವಲ್ಪ ಮಾಲು ಕಳಿಸಿದರೆ ಪಾಲುದಾರರಿಗೆ ರುಚಿ ತೋರಿಸಿಟ್ಟಿರುತ್ತೇನೆ.

ಕರ್ಚಿಕಾಯಿ ನನ್ನದಲ್ಲ, ನಮ್ಮತ್ತೆಯದು. ಅತ್ತೆ ಕೊಕ್ಕನೂರಿನವರು, ತೀರಿಕೊಂಡು ಆರು ವರ್ಷವಾಯಿತು. ಒಣಕೊಬ್ಬರಿ, ಪುಟಾಣಿ ಹಿಟ್ಟು, ಬೆಲ್ಲ, ಏಲಕ್ಕಿ ಎಲ್ಲರೂ ಹಾಕುತ್ತಾರೆ. ಅತ್ತೆ ಮೇಲೊಂದು ಹಿಡಿ ಗಸಗಸೆ ಹುರಿದು, ಪುಡಿ ಮಾಡದೆ ಹಾಗೇ ಹಾಕುತ್ತಿದ್ದರು. ಹಲ್ಲಿನ ಕೆಳಗೆ ಅದು ಚಟಪಟ ಅನ್ನಬೇಕು, ಆಗಲೇ ಕೊಕ್ಕನೂರು ಕೈ ಅಂತ ಗೊತ್ತಾಗೋದು ಎನ್ನುತ್ತಿದ್ದರು. ದೇಶ ದಾಟಿ ಹೋಗುವ ಮಾಲು ಎಂದು ನಾನು ಈ ಸಲ ಹಿಡಿಯ ಮೇಲೆ ಇನ್ನರ್ಧ ಹಿಡಿ ಸುರಿದಿದ್ದೆ.

"ಗಸಗಸೆ ಅಂದ್ರೆ ಅಡುಗಿಗೆ ಹಾಕ್ತೀವಲ್ಲ, ಅದೇನ್ರಿ?" ಎಂದು ಎದ್ದು ನಿಂತು ಕೇಳಿದೆ.

"ಅದೇ ಮೇಡಂ. ನಮಗೆ ಅದು ಪಾಯಸ, ಅಲ್ಲಿ ಕೆಲವು ದೇಶದಾಗ ಅದು ಮಾದಕ ವಸ್ತು" ಎಂದರು ತರಬೇತಿಯವರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಹೋಗಲಿದ್ದ ದೇಶದ ಹೆಸರು ಹೇಳಿದೆ. ಅಲ್ಲೂ ಹೌದು ಎಂದರು.

"ಒಂದು ಹಿಡಿ ಇದ್ರೆ?"

"ಹಿಡಿ ದೂರದ ಮಾತು. ಚೀಲದ ಮೂಲೆಯಾಗ ನಾಲ್ಕು ಕಾಳು ಸಿಕ್ರೂ ಕೂಡಿಸಿ ವಿಚಾರಿಸ್ತಾರೆ. ಜೈಲೂ ಆಗ್ತೈತೆ."

"ಗೊತ್ತಿಲ್ದ ಒಯ್ದಿದ್ರೆ?"

"ಗೊತ್ತಿಲ್ಲ ಅನ್ನೋದು ಅಲ್ಲಿ ಉತ್ತರ ಅಲ್ಲ ಮೇಡಂ. ಯಾರ ಕೈಯಾಗ ಪೆಟ್ಟಿಗೆ ಐತೋ ಅವರೇ ಜವಾಬ್ದಾರರು. ಬೇರೆಯವರ ಗಂಟು ಹೊರಬ್ಯಾಡ್ರಿ ಅಂತ ಅದಕ್ಕೇ ಬಡಕೊಳ್ಳೋದು."

ಕೂತೆನೋ ಬಿದ್ದೆನೋ ನೆನಪಿಲ್ಲ. ಏಕೆಂದರೆ ಹಿಂದಿನ ಸಂಜೆಯಷ್ಟೇ ನಲವತ್ತು ಕರ್ಚಿಕಾಯಿ, ಜೊತೆಗೆ ರೊಟ್ಟಿ ಮತ್ತು ಚಟ್ನಿಪುಡಿ ತುಂಬಿದ ನನ್ನ ಡಬ್ಬಿ ಪಕ್ಕದ ಮನೆಯ ಆಪಾನ ಅಳಿಯನ ಕೈಯಲ್ಲಿ ಹೋಗಿತ್ತು. ಅವನು ಅದೇ ದೇಶದಲ್ಲಿ ಏಸಿ ರಿಪೇರಿ ಕೆಲಸ ಮಾಡುವವನು, ರಜೆ ಮುಗಿಸಿ ಹೊರಟಿದ್ದ. ರಾತ್ರಿ ರೈಲು, ಬೆಳಿಗ್ಗೆ ಬೆಂಗಳೂರಿನಿಂದ ವಿಮಾನ. ಗಡಿಯಾರ ನೋಡಿದೆ, ಹನ್ನೊಂದೂವರೆ. ಅವನು ಆಕಾಶದಲ್ಲಿದ್ದ. ನಮ್ಮ ಗಡಿಯಾರದಲ್ಲಿ ಒಂದೂವರೆಗೆ ಇಳಿಯುತ್ತಾನೆ. ಅವನಿಗೆ ಎರಡು ವರ್ಷದ ಒಂದು ಮಗುವಿದೆ, ಹೆಂಡತಿಗೆ ಈಗ ಐದು ತಿಂಗಳು.

ಡಬ್ಬಿಯ ಬಗ್ಗೆ ಇನ್ನೊಂದು ವಿಷಯ ಹೇಳದಿದ್ದರೆ ನಾನು ಸುಳ್ಳುಗಾತಿಯಾಗುತ್ತೇನೆ. ಅದನ್ನು ನಾನು ಬಿಳಿ ಬಟ್ಟೆಯಲ್ಲಿ ಸುತ್ತಿ, ನಾಲ್ಕೂ ಕಡೆ ದಪ್ಪ ದಾರದಲ್ಲಿ ಹೊಲಿದಿದ್ದೆ. ದಾರಿಯಲ್ಲಿ ಒಡೆಯಬಾರದು ಎಂದು ಬಾಯಲ್ಲಿ ಹೇಳಿದೆ. ಆಪಾನ ಮನೆಯಲ್ಲಿ ಯಾವಾಗಲೂ ಮೊಮ್ಮಕ್ಕಳು, ನೆಂಟರ ಮಕ್ಕಳು. ಅರ್ಧ ಅಲ್ಲೇ ಖಾಲಿಯಾದೀತು ಎಂಬುದು ಮನಸ್ಸಿನಲ್ಲಿದ್ದದ್ದು. ಕೊಡುವಾಗ "ಬಿಚ್ಚಬ್ಯಾಡ್ರಿ ಮತ್ತೆ" ಎಂದು ಎರಡು ಸಲ ಹೇಳಿದ್ದೆ. ಆಪಾ ಎರಡು ಸಲವೂ ತಲೆಯಾಡಿಸಿದ್ದಳು.

ಮೆಟ್ಟಿಲಿಳಿಯುತ್ತಲೇ ಅವನ ಫೋನಿಗೆ ಹಚ್ಚಿದೆ. ಸ್ವಿಚ್ ಆಫ್. ಗೊತ್ತಿದ್ದೂ ಮತ್ತೆ ಹಚ್ಚಿದೆ. ಕರೆದ ವ್ಯಾಪಾರಿಗೆ ಹಚ್ಚಿದೆ, ಅವರು ಎತ್ತಲಿಲ್ಲ. ಯಜಮಾನರಿಗೆ ಹಚ್ಚಿದೆ. ಅವರು ಬಟ್ಟೆ ಅಂಗಡಿಯಲ್ಲಿ ಗಿರಾಕಿಗೆ ಸೀರೆ ತೋರಿಸುತ್ತಿದ್ದರು. ಎಲ್ಲ ಕೇಳಿಸಿಕೊಂಡು, "ಮೊದ್ಲು ನೀರು ಕುಡಿ" ಎಂದರು.

"ನೀರು ಕುಡಿದ್ರೆ ವಿಮಾನ ವಾಪಸ್ ಬರ್ತೈತೇನ್ರಿ?" ಎಂದು ಫೋನಿಟ್ಟೆ.

ಆಟೋದಲ್ಲಿ ಕೂತಾಗ ಇನ್ನೊಂದು ಯೋಚನೆ ಬಂತು. ಆ ಬಿಳಿ ಬಟ್ಟೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ನನ್ನ ಹೆಸರು, ಊರು, ಫೋನ್ ನಂಬರ್ ದೊಡ್ಡದಾಗಿ ಬರೆದಿದ್ದೆ. ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು. ಅವನನ್ನು ಹಿಡಿಯುತ್ತಾರೆ ಎಂಬ ಭಯದ ಜೊತೆಗೇ, ನನ್ನ ಹೆಸರು ಸಿಗುತ್ತದೆ ಎಂಬ ಭಯವೂ ಬಂದಿತ್ತು. ಎಷ್ಟು ಹೊತ್ತು ಹಾಗನ್ನಿಸಿತೋ ಕಾಣೆ, ಒಂದು ಸಿಗ್ನಲ್ ದಾಟುವಷ್ಟು ಇರಬಹುದು. ಎರಡು ವರ್ಷದ ಮಗುವಿನ ಅಪ್ಪ ಜೈಲು ಸೇರುವಾಗ ನಾನು ನನ್ನ ಹೆಸರಿನ ಲೆಕ್ಕ ಹಾಕಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಪಾನ ಮನೆ ನಮ್ಮ ಗೋಡೆಗೆ ಗೋಡೆ. ಹಿಂದೆ ಅವರದೇ ಮಂಡಕ್ಕಿ ಭಟ್ಟಿ ಇದೆ. ನಮ್ಮ ಹಿತ್ತಲಿಗೆ ಬೆಳಗಾಗುವುದೇ ಅಲ್ಲಿ ಉರಿಸುವ ಭತ್ತದ ಹೊಟ್ಟಿನ ಹೊಗೆಯಿಂದ. ನಾನು ಮದುವೆಯಾಗಿ ಬಂದಾಗಿನಿಂದ ಅವಳನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಅಂತಲೇ ಕರೆಯುವುದು, ನಮ್ಮತ್ತೆಗೆ ಅವಳು ಮಗಳಿದ್ದ ಹಾಗೆ. ನಾನು ಹೋದಾಗ ಆಪಾ ನಡುಮನೆಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಮಗಳು, ಅಂದರೆ ಆ ಹುಡುಗನ ಹೆಂಡತಿ, ಮಗುವಿಗೆ ಮೊಸರನ್ನ ತಿನ್ನಿಸುತ್ತಿದ್ದಳು. "ಇಳಿದ ಕೂಡ್ಲೇ ಫೋನ್ ಮಾಡ್ತೀನಿ ಅಂದಾರೆ ಆಂಟಿ" ಎಂದಳು ನನ್ನನ್ನು ನೋಡಿ.

ಆಪಾ ನನ್ನ ಮುಖ ನೋಡಿದಳು. ಮೊರ ಕೆಳಗಿಟ್ಟು ಮಗಳಿಗೆ, "ಭಟ್ಟಿ ಕಡೆ ಹೋಗಿ ನಿಮ್ಮಪ್ಪನ್ನ ಊಟಕ್ಕೆ ಕರಿ" ಎಂದಳು. ಅವಳು ಮಗುವನ್ನೆತ್ತಿಕೊಂಡು ಹೋಗುವವರೆಗೆ ನಾನು ಕಂಬ ಹಿಡಿದು ನಿಂತಿದ್ದೆ. ಆಮೇಲೆ ಒಂದೇ ಉಸಿರಿಗೆ ಹೇಳಿದೆ. ಗಸಗಸೆ, ಕಾನೂನು, ಜೈಲು, ಒಂದೂವರೆಗೆ ಇಳಿಯುವ ವಿಮಾನ. ಹೇಳುತ್ತ ಹೇಳುತ್ತ ಅಳು ಬಂತು. "ನಾನು ನಿಮ್ಮ ಅಳಿಯನ್ನ ಕೊಂದೆ ಆಪಾ" ಎಂದೆ.

ಆಪಾ ಬೆಚ್ಚಲಿಲ್ಲ. ಅದು ನನಗೆ ಆಗಲೇ ವಿಚಿತ್ರ ಅನ್ನಿಸಬೇಕಿತ್ತು. ಎದ್ದು ಒಳಕೋಣೆಗೆ ಹೋಗಿ, ಮಂಚದ ಕೆಳಗೆ ಬಗ್ಗಿ ಏನನ್ನೋ ಎಳೆದಳು. ನನ್ನ ಸ್ಟೀಲ್ ಡಬ್ಬಿ. ಮೇಲೆ ಮಡಚಿಟ್ಟ ನನ್ನ ಬಿಳಿ ಬಟ್ಟೆ, ದಾರವನ್ನು ಒಂದೊಂದೇ ಹೊಲಿಗೆ ಬಿಚ್ಚಿ ಸುರುಳಿ ಸುತ್ತಿ ಅದರ ಮೇಲಿಟ್ಟಿದ್ದಳು.

"ರೊಟ್ಟಿ ಚಟ್ನಿಪುಡಿ ಬೇರೆ ಚೀಲದಾಗ ಕಟ್ಟಿ ಕಳಿಸೀನಿ. ಕರ್ಚಿಕಾಯಿ ಎಲ್ಲಾ ಇಲ್ಲೇ ಅದಾವೆ. ಎಣಿಸ್ಕೋ" ಎಂದಳು.

ನಾನು ನೆಲದ ಮೇಲೆ ಕೂತುಬಿಟ್ಟೆ. ಹೋದ ಜೀವ ಬಂತು. ಜೀವ ಬಂದದ್ದೇ ತಡ, ನನ್ನ ಹಾಳು ಸ್ವಭಾವವೂ ಹಿಂದೆಯೇ ಬಂತು. ಕಣ್ಣೀರು ಇನ್ನೂ ಕೆನ್ನೆಯ ಮೇಲಿತ್ತು, ಬಾಯಿ ಮಾತ್ರ, "ಬಿಚ್ಚಬ್ಯಾಡ್ರಿ ಅಂತ ಎರಡು ಸಲ ಹೇಳಿದ್ನಲ್ಲ?" ಎಂದಿತು.

"ಹೇಳಿದ್ದೆ. ನಾನು ಬಿಚ್ಚಿದೆ" ಎಂದಳು ಆಪಾ. "ನಮ್ಮನೆಯಿಂದ ಆ ಕಡಿಗೆ ಹೋಗೋ ಯಾವ ಗಂಟಿದ್ರೂ ನಾನು ಬಿಚ್ಚಿ ನೋಡದ ಕಳಿಸಲ್ಲ. ನಿನ್ನದಿರಲಿ, ನಮ್ಮಕ್ಕನದಿರಲಿ. ನೀನು ಹೊಲಿದಿದ್ದಕ್ಕೆ ಒಂದು ತಾಸು ಹೆಚ್ಗಿ ಹಿಡೀತು, ಅಷ್ಟೇ."

"ಹಂಗಾದ್ರೆ ಗಸಗಸೆ ವಿಷಯ ನಿಮಗೆ ಮೊದ್ಲೇ ಗೊತ್ತಿತ್ತು. ನನಗೆ ಯಾಕ ಹೇಳ್ಲಿಲ್ಲ? ನಾನೇ ಹೊಂಟವಳು, ನನ್ನ ಪೆಟ್ಟಿಗೆಯಾಗ ಹಾಕ್ಕೊಂಡು ಹೋಗಿದ್ರೆ?"

"ನಿನ್ನ ಪೆಟ್ಟಿಗೆ ಕಟ್ಟೋ ದಿನ ನಾನೇ ಬಂದು ತೆಗೀತಿದ್ದೆ. ಬಾಯಿಬಿಟ್ಟು ಹೇಳಿದ್ರೆ ನಿನಗೆ ಹೆಂಗೆ ಗೊತ್ತು ಅಂತ ನೀನು ಕೇಳ್ತೀಯ. ಕೇಳಿದ ಮೇಲೆ ಬಿಡೋಳಲ್ಲ ನೀನು."

ಕೇಳಿದೆ. ಬಿಡಲಿಲ್ಲ. ಆಪಾ ಮತ್ತೆ ಮೊರ ಎಳೆದುಕೊಂಡು ಅಕ್ಕಿ ಆರಿಸತೊಡಗಿದಳು. ತಲೆಯೆತ್ತದೆ, "ನಮ್ಮ ಮೈದುನ ಇಲ್ಲೇನು, ಹರಿಹರದಾಗ" ಎಂದಳು.

ಆಪಾನ ಮೈದುನನನ್ನು ನಮ್ಮ ಓಣಿಯ ಮಕ್ಕಳೆಲ್ಲ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಹರಿಹರದಲ್ಲಿ ಒಂದು ಲೇತ್ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವನು. ಇಪ್ಪತ್ನಾಲ್ಕು ವರ್ಷದ ಹಿಂದೆ ಅವನು ಕೊಲ್ಲಿಗೆ ದುಡಿಯಲು ಹೋಗಿದ್ದ. ಐದೇ ತಿಂಗಳಿಗೆ ವಾಪಸ್ ಬಂದ, ಅರ್ಧವಾಗಿ ಬಂದ. ಅಲ್ಲಿಯ ಬಿಸಿಲು ತಡೆಯಲಿಲ್ಲವಂತೆ ಎಂದು ಮನೆಯವರು ಹೇಳಿದರು. ಊರಿಗೆ ಊರೇ ಸಾಲ ಸೋಲ ಮಾಡಿ ಹೋಗಿ ದುಡಿಯುವಾಗ ಇವನಿಗೇನು ಬಂತು ಕೇಡು ಎಂದು ನಾವೆಲ್ಲ ಆಡಿಕೊಂಡೆವು. "ಹೋದ ಪುಟ್ಟ ಬಂದ ಪುಟ್ಟ" ಎಂದು ಅವನಿಗೆ ಹೆಸರಿಟ್ಟವಳು ನಾನು. ಎದುರಿಗೇ ಕರೆಯುತ್ತಿದ್ದೆ, ಅವನು ನಗುತ್ತಿದ್ದ. ನಮ್ಮತ್ತೆಯೂ ನಗುತ್ತಿದ್ದರು.

"ಐದು ತಿಂಗಳಾಗ ನಾಲ್ಕು ತಿಂಗಳು ಒಳಗಿದ್ದ" ಎಂದಳು ಆಪಾ. "ಇಳಿದ ದಿನಾನೇ ಹಿಡಿದ್ರು. ಭಾಷೆ ಬರಲ್ಲ, ಯಾರೂ ಗೊತ್ತಿಲ್ಲ. ತಿನ್ನಕ್ಕೆ ತಂದ್ಯೋ ಮಾರಕ್ಕೆ ತಂದ್ಯೋ ಅಂತ ಕೇಳ್ತಾರೆ, ಇವನು ಹಬ್ಬದ ತಿಂಡಿ ಹಬ್ಬದ ತಿಂಡಿ ಅಂತಾನೆ. ಕಡಿಗೆ ಬಿಟ್ಟು, ಕಾಗದ ಪತ್ರಕ್ಕೆ ಇನ್ನೊಂದು ತಿಂಗಳು ಕಾಯಿಸಿ, ಮತ್ತೆ ಬರಬ್ಯಾಡ ಅಂತ ವಿಮಾನ ಹತ್ತಿಸಿದ್ರು."

"ಗಸಗಸೆಗಾ?"

"ಹ್ಞೂಂ."

"ಯಾರು ಕೊಟ್ಟಿದ್ದು ಅದನ್ನ?"

ಆಪಾಗೆ ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕಿತು, ಎತ್ತಿ ಪಕ್ಕಕ್ಕಿಟ್ಟಳು. "ಬಿಡವ್ವಾ, ಆಗಿದ್ದಾಯ್ತು" ಎಂದಳು.

ಬಿಡುವುದೇನು, ಅಷ್ಟರಲ್ಲಿ ನನಗೇ ನೆನಪಾಗಿತ್ತು. ಅವನು ಹೊರಟ ದಿನ ನಮ್ಮತ್ತೆ ಅಟ್ಟದಿಂದ ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿ ಇಳಿಸಿ, ಅದನ್ನು ತೊಳೆದು ಒರೆಸಿ, ಕರ್ಚಿಕಾಯಿ ತುಂಬಿದ್ದರು. ನಾನಾಗ ಸೊಸೆಯಾಗಿ ಬಂದು ನಾಲ್ಕು ವರ್ಷ. ಅತ್ತೆ ಹೂರಣ ತುಂಬಿದರು, ಅಂಚು ಮಡಿಚಿ ಮುರಿಗೆ ಕಟ್ಟಿದವಳು ನಾನು. ಆಗ ಕೈಯಲ್ಲೇ ಕಟ್ಟುವುದು. ಕಟ್ಟಿದ ಒಂದೂ ಬಿಚ್ಚಿಕೊಳ್ಳುವುದಿಲ್ಲ ಎಂದು ನನಗೆ ಆಗಿನಿಂದಲೂ ಜಂಬ. ಡಬ್ಬಿಯನ್ನು ಹೊಸ್ತಿಲ ಮೇಲೆ ನಿಂತು ಅವನ ಕೈಗೆ ಕೊಟ್ಟವಳೂ ನಾನೇ, ಯಾಕೆಂದರೆ ಅತ್ತೆಯ ಕೈ ಎಣ್ಣೆಯಾಗಿತ್ತು.

"ನಮ್ಮನೇದು" ಎಂದೆ.

ಇಪ್ಪತ್ನಾಲ್ಕು ವರ್ಷ. ಒಂದು ಗೋಡೆ ನಡುವೆ. ಪಂಚಮಿಗೆ, ಗೌರಿಹಬ್ಬಕ್ಕೆ, ದೀಪಾವಳಿಗೆ ನಮ್ಮನೆಯಿಂದ ತಟ್ಟೆ ಹೋಗುತ್ತಿತ್ತು, ಅದರಲ್ಲಿ ಕರ್ಚಿಕಾಯಿಯೂ ಇರುತ್ತಿತ್ತು. ಆಪಾ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದಳು. ಬಿಸಿಲು ತಡೆಯದೆ ಓಡಿ ಬಂದ ಎಂದು ನಾವು ಅವರ ಪಡಸಾಲೆಯಲ್ಲೇ ಕೂತು, ಅವರ ಚಹಾ ಕುಡಿಯುತ್ತ, ನಕ್ಕಿದ್ದೇವೆ. ಯಾರೊಬ್ಬರೂ ಒಂದು ಮಾತು ಆಡಲಿಲ್ಲ. ನನಗೆ ಕಪಾಳಕ್ಕೆ ಹೊಡೆದಿದ್ದರೆ ಇದಕ್ಕಿಂತ ಸುಲಭವಾಗುತ್ತಿತ್ತು.

"ನಮ್ಮತ್ತೆಗೆ ಯಾಕ ಹೇಳ್ಲಿಲ್ಲ?" ಎಂದು ಕೇಳಿದೆ.

"ಹೆಂಗೆ ಹೇಳ್ಲಿ? ಸುದ್ದಿ ಬಂದಾಗ ನಾನು ಬಾಣಂತಿ. ಈಗ ಹೊರಗೆ ಹೋದ್ಲಲ್ಲ, ಇವಳು ಹುಟ್ಟಿ ಒಂಬತ್ತು ದಿನ. ನನಗೆ ತಾಯಿ ಇಲ್ಲ. ದಿನಾ ಬಂದು ಕೂಸಿಗೆ ಎಣ್ಣೆ ಹಚ್ಚಿ ಎರೀತಿದ್ದೋಳು ನಿಮ್ಮತ್ತೆ. ಕೂಸು ಅವರ ಕಾಲ ಮೇಲೆ ಇರುವಾಗ ನಿಮ್ಮ ಕರ್ಚಿಕಾಯಿಂದ ನಮ್ಮ ಮೈದುನ ಜೈಲಿಗೆ ಹೋದ ಅಂತ ಹೇಳ್ಲಾ? ಎದೆ ಒಡಕೊಂಡು ಸಾಯ್ತಿದ್ಲು ಆಕೆ. ಆಮೇಲೆ ಬಂದವನೂ ಹೇಳಬ್ಯಾಡ ಅಂದ. ದಿನ ಹೋದ್ವು. ಆಮೇಲೆ ಹೇಳೋಕೆ ಏನೈತೆ?"

ಎರಡೂವರೆಗೆ ಅಳಿಯನ ಫೋನ್ ಬಂತು. ಇಳಿದೆ, ಎಲ್ಲ ಚೆನ್ನಾಗಿದೆ, ಪೆಟ್ಟಿಗೆ ಬಿಚ್ಚಿಸಿ ನೋಡಿದರು, ರೊಟ್ಟಿ ನೋಡಿ ಇದೇನು ಎಂದು ಕೇಳಿದರು ಎಂದು ನಗುತ್ತ ಹೇಳಿದನಂತೆ. ಬಿಚ್ಚಿಸಿ ನೋಡಿದರು ಎಂಬ ಮಾತು ಕೇಳಿದ್ದೇ ನಾನು ಡಬ್ಬಿ ಎತ್ತಿಕೊಂಡು ಮನೆಗೆ ಬಂದೆ. ಅದನ್ನು ಎಲ್ಲಿಡಬೇಕು ಎಂದೇ ತಿಳಿಯಲಿಲ್ಲ. ಕೊನೆಗೆ ದೇವರ ಕೋಣೆಯ ಮೂಲೆಯಲ್ಲಿಟ್ಟು ಬಾಗಿಲು ಹಾಕಿದೆ.

ಮರುದಿನ ಬೆಳಿಗ್ಗೆ ಹರಿಹರದ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೊರಟಿದ್ದೆ. ಯಾರ ಮನೆಗೂ ನಾನು ಬರಿಗೈಯಲ್ಲಿ ಹೋದವಳಲ್ಲ, ಆದರೆ ಆ ಮನುಷ್ಯನಿಗೆ ನಾನು ಏನು ಒಯ್ಯಲಿ? ಹೋಗಿ ಏನು ಹೇಳುವುದು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಹರಿಹರ ಬರುವಷ್ಟರಲ್ಲಿ ಜೋಡಿಸಿದ್ದೆಲ್ಲ ಚೆದುರಿಹೋಗಿತ್ತು.

ಚಾಚಾ ಲೇತಿನ ಮುಂದೆ ಬಗ್ಗಿ ನಿಂತಿದ್ದ. ಕನ್ನಡಕ ಮೂಗಿನ ಮೇಲೆ, ತೋಳೆಲ್ಲ ಎಣ್ಣೆ. ನನ್ನನ್ನು ನೋಡಿ ಮೆಷಿನ್ ನಿಲ್ಲಿಸಿದ. "ಬಾ ಭಾಭಿ. ಗಾಲಿ ಮುರೀತೇನು?" ಎಂದ.

ಗಾಲಿ ಎಂದರೆ ಕರ್ಚಿಕಾಯಿಯ ಅಂಚು ಕತ್ತರಿಸುವ ಹಿತ್ತಾಳೆಯ ಹಲ್ಲುಗಾಲಿ. ಅವನು ವಾಪಸ್ ಬಂದ ವರ್ಷವೇ ಅದನ್ನು ಮಾಡಿ ನಮ್ಮತ್ತೆಗೆ ತಂದುಕೊಟ್ಟಿದ್ದ. ಈಗ ನನ್ನಲ್ಲಿ ಅಂಥವು ಆರಿವೆ, ಆರೂ ಅವನ ಕೈಯವು. ನನ್ನ ಇಡೀ ವ್ಯಾಪಾರ ಆ ಗಾಲಿಗಳ ಮೇಲೆ ಓಡುತ್ತಿದೆ. ಅದನ್ನು ಕೊಡುವಾಗ ಅವನಿಗೆ ಎಲ್ಲವೂ ಗೊತ್ತಿತ್ತು, ಇಸಿದುಕೊಂಡ ನಮಗೆ ಏನೂ ಗೊತ್ತಿರಲಿಲ್ಲ. ನಾನು ನಿಂತಲ್ಲೇ ಅಳತೊಡಗಿದೆ.

"ಹೇಳಿಬಿಟ್ಲಾ ನಮ್ಮ ಭಾಭಿ" ಎಂದ ಅವನು, ತನ್ನ ಅತ್ತಿಗೆ ಆಪಾನನ್ನು ಕುರಿತು. ಒಂದು ಸ್ಟೂಲ್ ಎಳೆದು ಬಟ್ಟೆಯಲ್ಲಿ ಒರೆಸಿದ. "ಕೂಡ್ರು. ಆಕಿ ಇಷ್ಟು ವರ್ಷ ತಡಕೊಂಡಿದ್ದೇ ದೊಡ್ಡದು."

"ನಾನು ನಿನಗ ಏನೇನು ಅಂದೀನಿ" ಎಂದೆ.

"ಅನ್ನು, ಏನಾಗ್ತೈತೆ. ನಾನು ಬಿಸಿಲಿಗೆ ಹೆದರಿ ಬಂದೆ ಅಂತ ಊರು ನಂಬಿದ್ರೆ ನನಗೂ ಅನುಕೂಲ ಇತ್ತು. ಜೈಲಿಗೆ ಹೋಗಿ ಬಂದವನಿಗೆ ಹೆಣ್ಣು ಕೊಡ್ತಿದ್ರಾ?" ಎಂದು ನಕ್ಕ. ನಾನು ನಗಲಿಲ್ಲ. ಅವನ ನಗುವೂ ನಿಂತಿತು. ಕೈ ಒರೆಸಿಕೊಳ್ಳುತ್ತ ಹೇಳಿದ: "ಒಂದು ಮೇಜಿನ ಮೇಲೆ ಸುರುವಿದ್ರು ಭಾಭಿ. ಎಲ್ಲಾ ಒಂದೊಂದೇ ತಗೊಂಡು ಮುರಿದ್ರು. ನಾನು ಮುಂದೆ ನಿಂತು ನೋಡ್ತಿದ್ದೆ. ದಾವಣಗೆರೆಯಿಂದ ಅಲ್ಲಿತನಕ ಒಂದರ ಅಂಚೂ ಬಿಟ್ಟಿರ್ಲಿಲ್ಲ. ಎಷ್ಟು ಗಟ್ಟಿ ಕಟ್ಯಾರೆ ಅಂತ ಅವತ್ತೇ ಅಂದ್ಕೊಂಡೆ."

ಅಷ್ಟು ವರ್ಷ ನಾನು ಜಂಬಪಟ್ಟುಕೊಂಡ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

ನಾನು ಹೊರದೇಶಕ್ಕೆ ಹೋಗುವುದೇ ಬೇಡ, ವ್ಯಾಪಾರ ಇಲ್ಲಿಯದೇ ಸಾಕು ಎಂದೆ. ಮೊದಲ ಸಲ ಅವನು ಗದರಿದ. "ಹನ್ನೆರಡು ಜನ ಹೆಣ್ಣುಮಕ್ಕಳು ನಿನ್ನ ನಂಬಿ ಕೂತಾರೆ. ನಾನು ಹೋಗಿ ಹಾಳಾದೆ ಅಂತ ನೀನು ಹೋಗದ ಹಾಳಾಗ್ತೀಯ? ಪೆಟ್ಟಿಗೆ ಕಟ್ಟು. ಬೀಗ ಹಾಕಬ್ಯಾಡ. ಹೊರಡೋ ಹಿಂದಿನ ದಿನ ನಾನು ಬಂದು ನೋಡ್ತೀನಿ."

ಹೇಳಿದಂತೆ ಬಂದ. ಆ ದಿನ ಬೆಳಿಗ್ಗೆಯೇ ನಾನು ಹೊಸ ಕರ್ಚಿಕಾಯಿ ಮಾಡಿ ಮುಗಿಸಿದ್ದೆ. ಗಸಗಸೆಯ ಡಬ್ಬಿಯನ್ನು ಮೂರು ದಿನ ಮೊದಲೇ ಅಡುಗೆಮನೆಯಿಂದ ಹೊರಹಾಕಿದ್ದೆ. ಹುರಿಯುವ ಬಾಣಲೆ ಹೊಸದು, ಮೊರ ಹೊಸದು, ಜರಡಿ ಹೊಸದು, ತುಂಬುವ ಡಬ್ಬಿಯೂ ಹೊಸದು. ಹಳೆಯ ನಲವತ್ತನ್ನು ಹಿತ್ತಲಲ್ಲಿ ಗುಂಡಿ ತೋಡಿ ಹೂತಿದ್ದೆ. ನಡುಮನೆಯಲ್ಲಿ ಸೂಟ್‌ಕೇಸು ಬಾಯ್ದೆರೆದು ಮಲಗಿತ್ತು. ಆಪಾ ಬಾಗಿಲಲ್ಲಿ ಕೂತಿದ್ದಳು, ಯಜಮಾನರು ಅಂಗಡಿಗೆ ಹೋಗದೆ ಕುರ್ಚಿಯಲ್ಲಿದ್ದರು.

ಚಾಚಾ ಕೈ ತೊಳೆದು ಬಂದು ನೆಲಕ್ಕೆ ಕೂತ. ಪ್ರತಿ ಸೀರೆಯ ಮಡಿಕೆ ಬಿಚ್ಚಿದ. ಮಾತ್ರೆಯ ಚೀಟಿ ಓದಿಸಿದ. ಸಾರಿನ ಪುಡಿಯ ಪೊಟ್ಟಣ ಹೊರಗಿಟ್ಟ, "ಮನೆ ಪುಡಿ, ಇದರಾಗ ಏನಿರ್ತೈತೋ" ಎಂದ. ಚಟ್ನಿಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ಬೆರಳಲ್ಲಿ ಕೆದಕಿ ನೋಡಿದ. ಬೇರೆಯವರು ನನ್ನ ಪೆಟ್ಟಿಗೆ ಮುಟ್ಟಿದರೆ ಕೈ ಮುರಿಯುವವಳು ನಾನು. ಗೋಡೆಗೊರಗಿ ನಿಂತು ನೋಡುತ್ತಿದ್ದೆ.

ಕೊನೆಗೆ ಡಬ್ಬಿ ತೆಗೆದ. "ಇದ್ರಾಗ?"

"ಹಾಕಿಲ್ಲ" ಎಂದೆ.

ತಲೆಯಾಡಿಸಿ ಒಂದನ್ನು ಮುರಿದ. ಹೂರಣವನ್ನು ಅಂಗೈ ಮೇಲೆ ಹಾಕಿಕೊಂಡು ಬೆಳಕಿಗೆ ಹಿಡಿದ. ಇರಲಿಲ್ಲ. ಇನ್ನೊಂದು ಮುರಿದ. ಇರಲಿಲ್ಲ. ಮೂರನೆಯದು, ನಾಲ್ಕನೆಯದು. ಹತ್ತಾದ ಮೇಲೂ ಅವನ ಕೈ ನಿಲ್ಲಲಿಲ್ಲ. "ಸಾಕು ಬಿಡೋ" ಎಂದಳು ಆಪಾ ಮೆಲ್ಲಗೆ. ಅವನಿಗೆ ಕೇಳಿಸಲಿಲ್ಲ. ಮುಖದ ಮೇಲೆ ಬೆವರು ಇಳಿಯುತ್ತಿತ್ತು. ಒಂದೊಂದನ್ನೇ ತೆಗೆದು, ಮುರಿದು, ನೋಡಿ, ಕಾಗದದ ಮೇಲೆ ಸಾಲಾಗಿ ಇಡುತ್ತಿದ್ದ. ಅವತ್ತು ಅಲ್ಲಿಯ ಅಧಿಕಾರಿಗಳು ಹಾಗೆಯೇ ಇಟ್ಟಿದ್ದರು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಲವತ್ತನ್ನೂ ಮುರಿದ. ಬೆಳಿಗ್ಗೆ ಐದರಿಂದ ನಿಂತು ಮಾಡಿದ್ದೆ. ಯಜಮಾನರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ಈಗ ಏನು ಬೈಗುಳ ಬರುತ್ತದೋ ಎಂದು. ಬರಲಿಲ್ಲ.

ಡಬ್ಬಿಯ ತಳ ಕಂಡಾಗ ಅವನಿಗೆ ಎಚ್ಚರವಾಯಿತು. ಎದುರಿಗಿದ್ದ ಚೂರುಗಳನ್ನು ನೋಡಿದ, ತನ್ನ ಕೈ ನೋಡಿಕೊಂಡ. "ತಪ್ಪಾಯ್ತು ಭಾಭಿ. ಎಲ್ಲಾ ಹಾಳು ಮಾಡ್ದೆ" ಎಂದ.

"ಹಿಟ್ಟು ಇನ್ನೂ ಐತೆ" ಎಂದು ನಾನು ಒಳಗೆ ಹೋಗಿ ಪರಾತ ಎಳೆದೆ. ಅವನು ಎದ್ದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತ. ಕೊಬ್ಬರಿ, ಪುಟಾಣಿ, ಬೆಲ್ಲ, ಏಲಕ್ಕಿ. ನಾನು ಹಾಕುವ ಒಂದೊಂದನ್ನೂ ಅವನು ನೋಡಿದ. ಆಪಾ ಒಲೆಯ ಮುಂದೆ ಕೂತಳು. ಅವನೇ ಮಾಡಿದ ಗಾಲಿಯಿಂದ ಅವನೇ ಅಂಚು ಕತ್ತರಿಸಿಕೊಟ್ಟ. ಮಧ್ಯಾಹ್ನದೊಳಗೆ ನಲವತ್ತಾದವು. ಒಂದನ್ನು ತಟ್ಟೆಯಲ್ಲಿಟ್ಟು ಅವನ ಮುಂದೆ ಹಿಡಿದೆ. ಇಷ್ಟು ವರ್ಷ ನಮ್ಮನೆಯಲ್ಲಿ ಅವನು ಕರ್ಚಿಕಾಯಿ ಮುಟ್ಟಿರಲಿಲ್ಲ ಎಂಬುದು ನನಗೆ ಆ ಗಳಿಗೆಯಲ್ಲಿ ಹೊಳೆಯಿತು. ಸಿಹಿ ಆಗಲ್ಲ ಅನ್ನುತ್ತಿದ್ದ, ಚಹಾಕ್ಕೆ ಮಾತ್ರ ಮೂರು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದ. ನಾವು ಅದನ್ನೂ ನೋಡಿ ನಕ್ಕಿದ್ದೆವು.

ತಟ್ಟೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ನನ್ನ ಕಡೆ ಸರಿಸಿದ. "ಬ್ಯಾಡ ಭಾಭಿ. ಇದೊಂದು ನನ್ನ ಕೈಲಿ ಆಗಲ್ಲ" ಎಂದ.

ನಾನು ಒತ್ತಾಯ ಮಾಡಲಿಲ್ಲ. ಡಬ್ಬಿಗೆ ಬರಿ ಮುಚ್ಚಳ ಹಾಕಿದೆ, ಬಟ್ಟೆ ಸುತ್ತಲಿಲ್ಲ, ಹೊಲಿಯಲಿಲ್ಲ. ಅವನು ಸೂಟ್‌ಕೇಸಿನ ಜಿಪ್ ಎಳೆದು, ಎರಡು ಸಲ ಎತ್ತಿ ತೂಕ ನೋಡಿ, ಬಾಗಿಲ ಪಕ್ಕ ನಿಲ್ಲಿಸಿದ. ಚಪ್ಪಲಿ ಮೆಟ್ಟುತ್ತ ಹಿಂದಿರುಗಿ ನೋಡಿದ.

"ವ್ಯಾಪಾರ ಕುದುರಿದ್ರೆ ಕುದುರ್ಲಿ, ಇಲ್ಲಂದ್ರೆ ಇಲ್ಲ" ಎಂದ. "ಹೋದ ಪುಟ್ಟಿ ಬಂದ ಪುಟ್ಟಿ ಅಂತ ಊರು ನಗ್ಲಿ ಭಾಭಿ. ನೀನು ಹೇಳಿದ ದಿನಕ್ಕೆ ಬಂದುಬಿಡು."